ಉಂಡೆಹುಳಗಳನ್ನು ಮಳೆಗಾಲ ದಾಟಿಸಿದ್ದು

ಉಡುಪಿಯ ಮಳೆಗಾಲದಲ್ಲಿ ಡಬ್ಬಿಯೊಳಗೆ ಉಂಡೆಹುಳ (ಮುಟ್ಟಿದರೆ ಉಂಡೆಯಾಗುವ, ಕಲ್ಲಿನಡಿಯ ಪುಟ್ಟ ಬೂದು ಹುಳ) ಉಳಿಯುವುದಿಲ್ಲ ಅಂತ ಹೇಳಿದವರೇ ಈಗ ನನ್ನ ಹತ್ತಿರ ಮರಿ ಕೇಳಿಕೊಂಡು ಬರುತ್ತಿದ್ದಾರೆ. ಇದಕ್ಕೆ ಮೂರು ಮಳೆಗಾಲ ಹಿಡಿಯಿತು.

ಟೆರೇರಿಯಂನ (ಗಾಜಿನ ಪಾತ್ರೆಯೊಳಗಿನ ಪುಟ್ಟ ತೋಟ) ಕೊಳೆತ ಎಲೆ, ಬೂಸ್ಟು ತಿನ್ನಲಿ ಅಂತ ಮೊದಲ ಸಲ ಕೊರಿಯರಿನಲ್ಲಿ ತರಿಸಿದ್ದೆ. 25 ಹುಳಕ್ಕೆ ಸುಮಾರು 1,200 ರೂಪಾಯಿ. ಏಳೆಂಟು ದಾರಿಯಲ್ಲೇ ಸತ್ತಿದ್ದವು. ತೇವ ಬೇಕು ಅಲ್ವಾ ಅಂತ ದಿನಾ ನೀರು ಸ್ಪ್ರೇ ಮಾಡಿದೆ. ಜುಲೈ ಹೊತ್ತಿಗೆ ತಳದಲ್ಲಿ ನೀರು ನಿಂತು, ಹಾಸಿದ್ದ ತೆಂಗಿನ ನಾರಿನ ಪುಡಿ ಹುಳಿ ವಾಸನೆ ಹೊಡೆಯಿತು. ಏಡಿ, ಸಿಗಡಿಯ ನೆಂಟರೇ ಆದರೂ ಇವು ನೀರಲ್ಲಿ ಮುಳುಗಿದರೆ ಬದುಕುವುದಿಲ್ಲ. ಒಂದೂ ಉಳಿಯಲಿಲ್ಲ.

ಮರುವರ್ಷ ಹೆದರಿ ಮುಚ್ಚಳಕ್ಕೆ ತೂತು ಜಾಸ್ತಿ ಮಾಡಿದೆ. ಮಳೆ ಬಿಟ್ಟಾಗ ಒಂದು ವಾರ ಮನೆಯಲ್ಲಿರಲಿಲ್ಲ. ಬಂದು ನೋಡಿದರೆ ಎಲ್ಲ ಒಣಗಿ ಗರಿಗರಿ, ಮೇಲಿಂದ ಇರುವೆ ಸಾಲು. ಎರಡು ವರ್ಷಕ್ಕೆ ನಾಲ್ಕು ಸಾವಿರ ಹೋಗಿರಬೇಕು.

ಉಪಾಯ ಸಿಕ್ಕಿದ್ದು ನಮ್ಮ ಹಿತ್ತಲಲ್ಲಿ. ಪಾಗಾರದ ಬುಡದಲ್ಲಿ ಬಿದ್ದಿದ್ದ ಮುರಕಲ್ಲೊಂದನ್ನು ಎತ್ತಿದೆ. ಕಲ್ಲಿನ ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣ. ಹುಳಗಳೆಲ್ಲ ಎರಡೂ ಸೇರುವ ಗೆರೆಯಲ್ಲೇ ಗುಂಪಾಗಿದ್ದವು. ಅವತ್ತೇ 30 ಹಿಡಿದೆ. (ನಮ್ಮಲ್ಲಿ ಉಂಡೆಯಾಗುವ ಸಹಸ್ರಪದಿಯೂ ಇದೆ, ಕಾಲು ನೋಡಿ ಹಿಡಿಯಿರಿ. ಉಂಡೆಹುಳಕ್ಕೆ ಏಳೇ ಜೊತೆ.)

180 ರೂಪಾಯಿಯ ಡಬ್ಬಿ. ಮೂರನೇ ಒಂದು ಪಾಲು ಮಾತ್ರ ಒದ್ದೆ ಪಾಚಿ, ಉಳಿದದ್ದು ಒಣ. ತೂತು ಮುಚ್ಚಳಕ್ಕಲ್ಲ, ಪಕ್ಕಗಳಿಗೆ. ಇರುವೆ ಬಾರದಂತೆ ನೀರಿನ ತಟ್ಟೆಯಲ್ಲಿಟ್ಟೆ. ಊಟಕ್ಕೆ ಅರ್ಧ ಕೊಳೆತ ಹಲಸಿನ ಎಲೆ. ಹಾಕುವ ಮೊದಲು ಎಲೆಗೆ ಇನ್ನೊಂದು ಕೆಲಸ ಮಾಡುತ್ತೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಚಿಪ್ಪು ಗಟ್ಟಿಯಾಗಲು ಸುಣ್ಣದಂಶ ಬೇಕಲ್ಲ, ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಆದ ದಿನ ಚಿಪ್ಪುಗಳನ್ನು ತೊಳೆದು ಒಣಗಿಸಿ ಕುಟ್ಟಿ ಉದುರಿಸುತ್ತೇನೆ. ಸುಟ್ಟ ಸುಣ್ಣ ಮಾತ್ರ ಬೇಡ.

ಇನ್ನೊಂದು ತಪ್ಪು ಹೇಳಬೇಕು. ಹಿಂದಿನರ್ಧ ಒಂದು ಬಣ್ಣ, ಮುಂದಿನರ್ಧ ಇನ್ನೊಂದು ಬಣ್ಣದ ಹುಳ ಕಂಡಾಗ ರೋಗ ಅಂತ ಐದಾರನ್ನು ಹೊರಗೆ ಬಿಟ್ಟಿದ್ದೆ. ಆಮೇಲೆ ಒಂದನ್ನು ಲೆನ್ಸ್ ಹಿಡಿದು ಕೂತು ನೋಡಿದೆ. ಮೊದಲು ಹಿಂದಿನ ಅರ್ಧದ ಚಿಪ್ಪು ಕಾಲುಚೀಲದ ಹಾಗೆ ಜಾರಿತು. ಮುಂದಿನರ್ಧ ಕಳಚಿದ್ದು ಮರುದಿನ. ಕಳಚಿದ್ದನ್ನು ಅದೇ ತಿಂದು ಮುಗಿಸಿತು. ಎಂಥಾ ಚಂದ!

ಸುಮ್ನೆ ಬೆಂಕಿಪೊಟ್ಟಣ ಕತ್ತರಿಸಿ ಓಣಿ ಮಾಡಿ ಓಡಿಸಿಯೂ ನೋಡಿದೆ. ಮೊದಲ ತಿರುವಿನಲ್ಲಿ ಬಲಕ್ಕೆ ಹೋಗಲೇಬೇಕು, ಮುಂದೆ ಎರಡೂ ದಾರಿ ಬಿಟ್ಟಿದ್ದೆ. ಇಪ್ಪತ್ತರಲ್ಲಿ ಹದಿನಾಲ್ಕು ಸಲವಾದರೂ ಎಡಕ್ಕೆ ತಿರುಗಿದವು. ಬಲ ಆದರೆ ಎಡ, ಎಡ ಆದರೆ ಬಲ, ಇವುಗಳ ನಡಿಗೆಯೇ ಹಾಗೆ.

ಆಗಸ್ಟಿನಲ್ಲಿ ಒಂದು ತಾಯಿಯನ್ನು ಗಾಜಿನ ಮೇಲೆ ಬಿಟ್ಟು ಕೆಳಗಿನಿಂದ ನೋಡಿದೆ. ಹೊಟ್ಟೆಯಡಿಯ ಚೀಲದಲ್ಲಿ ಸಾಬಕ್ಕಿಯ ಹಾಗೆ ಮರಿಗಳು, ಅಲ್ಲೇ ಮಿಸುಕಾಡುತ್ತಿದ್ದವು. ಚೌತಿ ಕಳೆದು ಎಣಿಸಲು ಕೂತವನು ಇನ್ನೂರಕ್ಕೆ ನಿಲ್ಲಿಸಿದೆ. ಈಗ ಒಂದಕ್ಕೆ ಹತ್ತು ರೂಪಾಯಿಯಂತೆ ಕೊಡುತ್ತೇನೆ, ಕಳೆದುಕೊಂಡದ್ದರಲ್ಲಿ ಅರ್ಧ ವಾಪಸ್ ಬಂದಿದೆ.

ಬೂದು ಹುಳಗಳ ನಡುವೆ ಒಂದು ಮಿನುಗುವ ನೀಲಿ-ನೇರಳೆಯಾದರೆ ಅಪರೂಪದ್ದು ಅಂತ ಇಟ್ಟುಕೊಳ್ಳಬೇಡಿ. ಅದು ವೈರಸ್ ಇರಬಹುದು. ನನಗೂ ಒಂದು ಸಿಕ್ಕಿತ್ತು, ಆ ದಿನವೇ ಬೇರೆ ಡಬ್ಬಿಗೆ ಹಾಕಿದೆ.