ಯಾರಿಗೆ ಯಾವ ಸೇವೆ: ನಮ್ಮ ಸಭೆಯಲ್ಲಿ ವರಗಳನ್ನು ಹುಡುಕಿದ ಬಗೆ

ನಮ್ಮದು ಧಾರವಾಡ ಕಡೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆ. ಬಾಸೆಲ್ ಮಿಶನ್ ಕಾಲದ ದೇವಾಲಯ, ನೂರಕ್ಕೆ ತುಸು ಕಡಿಮೆ ಕುಟುಂಬಗಳು, ಭಾನುವಾರ ಬೆಳಿಗ್ಗೆ ಒಂದೇ ಆರಾಧನೆ. ಸ್ಟಾಫ್ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಸಭಾ ಸಮಿತಿಯ ಕಾರ್ಯದರ್ಶಿ ಹೊಣೆ ನನ್ನ ತಲೆಗೆ ಬಂತು. ಆ ಹೊತ್ತಿಗೆ ಸಭೆಯ ಕೆಲಸವೆಲ್ಲ ಏಳೆಂಟು ಜನರ ಮೇಲೆ ಬಿದ್ದಿತ್ತು. ಸಂಡೇ ಸ್ಕೂಲ್ ನಡೆಸುವವರೇ ಕ್ವಾಯರ್‌ನಲ್ಲಿ, ಕ್ವಾಯರ್‌ನವರೇ ಸುಗ್ಗಿ ಹಬ್ಬದ ಲಿಲಾವಿನಲ್ಲಿ, ಲಿಲಾವು ಮುಗಿದ ಮೇಲೆ ಪಾತ್ರೆ ತೊಳೆಯಲಿಕ್ಕೂ ಅವರೇ. ಉಳಿದವರು ಬಂದು, ಕಾಣಿಕೆ ಹಾಕಿ, ಆಶೀರ್ವಾದ ಆದ ಕೂಡಲೇ ಸ್ಕೂಟರ್ ಹತ್ತುತ್ತಿದ್ದರು. ಅವರಿಗೆ ಭಕ್ತಿ ಕಡಿಮೆ ಎನ್ನುವವರು ಸಮಿತಿಯಲ್ಲಿದ್ದರು. ನನಗೆ ಹಾಗೆ ಅನಿಸಿರಲಿಲ್ಲ. ಅವರನ್ನು ಹೆಸರು ಹಿಡಿದು ಯಾರೂ ಕೇಳಿರಲಿಲ್ಲ. ಪ್ರಕಟಣೆಯ ಹೊತ್ತಿನಲ್ಲಿ ‘ಆಸಕ್ತರು ಮುಂದೆ ಬರಬೇಕು’ ಎಂದು ಓದುತ್ತಿದ್ದರು. ಹಾಗೆ ಓದಿದರೆ ಮುಂದೆ ಬರುವವರು ಯಾವಾಗಲೂ ಅದೇ ಏಳೆಂಟು ಜನ.

ಯಾರಿಗೆ ಯಾವ ವರ ಇದೆ, ಅಂದರೆ ಸೇವೆಗಾಗಿ ದೇವರು ಕೊಟ್ಟ ಯಾವ ಸಾಮರ್ಥ್ಯ ಇದೆ ಎಂದು ತಿಳಿಯಲು ಆಗಿನ ಅಯ್ಯನವರು (ಸಭೆಯ ಪಾದ್ರಿ) ಒಂದು ಪ್ರಶ್ನಾವಳಿ ತಂದರು. ಅಮೆರಿಕದ ಸಭೆಗಳಲ್ಲಿ 1970ರ ದಶಕದಿಂದ ಇಂಥವು ಬಳಕೆಯಲ್ಲಿವೆ. ಹೌಟ್ಸ್ ಎಂಬವರು ರೂಪಿಸಿದ್ದನ್ನು ಪೀಟರ್ ವ್ಯಾಗ್ನರ್ ತಿದ್ದಿ ಹರಡಿದ್ದು ಎಲ್ಲಕ್ಕಿಂತ ಹೆಸರುವಾಸಿ. 25 ವರಗಳು, ಒಂದೊಂದಕ್ಕೆ 5 ವಾಕ್ಯ, ಒಟ್ಟು 125. ಪ್ರತಿ ವಾಕ್ಯಕ್ಕೂ 3ರಿಂದ ಸೊನ್ನೆಯವರೆಗೆ ಅಂಕ ಹಾಕಿಕೊಂಡು ಕೂಡಿಸಿದರೆ ಯಾವ ವರ ಮೇಲೆ ಬಂತು ಎಂದು ತಿಳಿಯುತ್ತದೆ. ಅಯ್ಯನವರು ಅದನ್ನು ಚಿಕ್ಕದು ಮಾಡಿ ಕನ್ನಡಕ್ಕೆ ತಂದು, ಝೆರಾಕ್ಸ್ ಮಾಡಿಸಿ ಹಂಚಿದರು. ತುಂಬಿ ಬಂದ ಹಾಳೆಗಳನ್ನು ನಾನೇ ಕೂಡಿಸಿದೆ. ಮೈಕ್ ಸಿಕ್ಕರೆ ಬಿಡದ ಹಿರಿಯರೊಬ್ಬರಿಗೆ ಎಲ್ಲ ವರಗಳೂ ಬಂದಿದ್ದವು, ದೇವರ ಮಾತನ್ನು ನುಡಿಯುವ ಪ್ರವಾದನೆಯನ್ನೂ ಸೇರಿಸಿ. ವರ್ಷಗಟ್ಟಲೆ ಸದ್ದಿಲ್ಲದೆ ದುಡಿದ ಹೆಂಗಸರ ಹಾಳೆಯಲ್ಲಿ ಸೊನ್ನೆ, ಒಂದು, ಸೊನ್ನೆ. ನಮ್ಮ ಕಡೆ ‘ನನಗೇನೂ ಬರಂಗಿಲ್ಲ’ ಅನ್ನುವುದೇ ಮರ್ಯಾದೆ. ತನಗೆ ತಾನೇ 3 ಅಂಕ ಹಾಕಿಕೊಳ್ಳುವುದು ಹೇಗೆ? ಹಾಳೆ ಹೇಳುವುದು ಒಬ್ಬರು ತಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೆ ಎಂಬುದನ್ನು ಮಾತ್ರ. ಹಾಗಂತ ನಾವು ಅದನ್ನು ಎಸೆಯಲಿಲ್ಲ. ಕನ್ಫರ್ಮೇಶನ್ ಕ್ಲಾಸಿನ ಹುಡುಗರಿಗೆ ಈಗಲೂ ಕೊಡುತ್ತೇವೆ. ಅವರನ್ನು ಮಾತಿಗೆಳೆಯಲು ಒಳ್ಳೆಯ ನೆವ.

ನಾನು ಹಿಡಿದ ದಾರಿ ವಾರ್ಡಿನಿಂದ ಬಂದದ್ದು. ರೋಗಿಯ ಮಂಚದ ಹತ್ತಿರ ಯಾರು ಬರುತ್ತಾರೆ, ಬಂದವರು ಹೋದ ಮೇಲೆ ರೋಗಿಗೆ ನಿದ್ದೆ ಹತ್ತುತ್ತದೋ ಬಿ.ಪಿ. ಏರುತ್ತದೋ ಎಂದು ನೋಡಿ ನೋಡಿ ನನಗೆ ರೂಢಿ. ಅದಕ್ಕೇ ನಿಮಗೆ ಯಾವ ವರ ಇದೆ ಎಂದು ಯಾರನ್ನೂ ಕೇಳಲಿಲ್ಲ. ಸಂಜೆ ಹೊತ್ತು ಮನೆಮನೆಗೆ ಹೋಗಿ, ಚಹಾ ಕುಡಿಯುತ್ತಾ, ಬೇರೆಯವರ ಬಗ್ಗೆ ಕೇಳಿದೆ. ನಡುರಾತ್ರಿ ಮನೆಯಲ್ಲಿ ಏನಾದರೂ ಆದರೆ, ಸಂಬಂಧಿಕರನ್ನು ಬಿಟ್ಟು, ಸಭೆಯಲ್ಲಿ ಮೊದಲು ಯಾರಿಗೆ ಫೋನ್ ಮಾಡ್ತೀರಿ? ನಿಮ್ಮ ಮಕ್ಕಳು ಯಾರ ಮಾತು ಕೇಳ್ತಾರೆ? ಹತ್ತು ಸಾವಿರ ರೂಪಾಯಿಯನ್ನು ರಸೀದಿ ಇಲ್ಲದೆ ಯಾರ ಕೈಯಲ್ಲಿ ಇಡ್ತೀರಿ? ಇಷ್ಟೇ. ‘ವರ’ ಎಂಬ ಮಾತನ್ನೇ ಎತ್ತಲಿಲ್ಲ, ಎತ್ತಿದರೆ ಎಲ್ಲರೂ ಭಾನುವಾರದ ದನಿಯಲ್ಲಿ ಮಾತಾಡಲು ಶುರು ಮಾಡುತ್ತಾರೆ. ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದಿಡುತ್ತಿದ್ದೆ. ಕೆಲವು ವಾರಗಳಲ್ಲಿ ಅವೇ ಹೆಸರುಗಳು ಮತ್ತೆ ಮತ್ತೆ ಬರತೊಡಗಿದವು. ಅವರಲ್ಲಿ ಹೆಚ್ಚಿನವರು ಸಮಿತಿಯ ಯಾವ ಪಟ್ಟಿಯಲ್ಲೂ ಇರಲಿಲ್ಲ.

ನಡುರಾತ್ರಿಯ ಪ್ರಶ್ನೆಗೆ ಅತಿ ಹೆಚ್ಚು ಬಂದ ಹೆಸರು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಒಬ್ಬ ಹೆಂಗಸಿನದು. ಆಕೆ ಪ್ರಶ್ನಾವಳಿಯ ಹಾಳೆಯನ್ನು ಖಾಲಿ ಕೊಟ್ಟಿದ್ದಳು. ಸಾವಿನ ಮನೆಯೊಂದರಲ್ಲಿ ಆಕೆಯನ್ನು ಬೇಕೆಂದೇ ಗಮನಿಸಿದೆ. ಒಳಗೆ ಬಂದವಳು ಮುಂದಿನ ಕೋಣೆಯಲ್ಲಿ ನಿಲ್ಲದೆ ನೇರ ಅಡುಗೆಮನೆಗೆ ಹೋದಳು, ಒಲೆ ಹಚ್ಚಿದಳು, ಒಬ್ಬ ಹುಡುಗನಿಗೆ ದುಡ್ಡು ಕೊಟ್ಟು ಸಕ್ಕರೆ ತರಲು ಕಳಿಸಿದಳು. ಚಹಾ ಎಲ್ಲರಿಗೂ ಹೋದ ಮೇಲೆ ಗಂಡನನ್ನು ಕಳೆದುಕೊಂಡವಳ ಪಕ್ಕ ಕೂತು, ಆಕೆಯ ಕೈಯಲ್ಲಿ ಒಂದೇ ಸಮ ಬಡಿದುಕೊಳ್ಳುತ್ತಿದ್ದ ಫೋನನ್ನು ಮೆಲ್ಲಗೆ ಬಿಡಿಸಿಕೊಂಡು, ತಾನೇ ಉತ್ತರ ಹೇಳತೊಡಗಿದಳು: ‘ಮಣ್ಣು ನಾಳೆ ಹನ್ನೊಂದಕ್ಕ. ಹೌದ್ರೀ. ಬರ್ರಿ.’ ಸಮಾಧಾನದ ಒಂದು ಮಾತೂ ಆಡಲಿಲ್ಲ. ನಮ್ಮಲ್ಲಿ ಕೆಲವರು ಅದೇ ಮನೆಯಲ್ಲಿ ಅರ್ಧ ಗಂಟೆ ಪ್ರಾರ್ಥನೆ ಮಾಡಿ ಹೋಗಿದ್ದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಕಷ್ಟದಲ್ಲಿರುವವರ ಮನೆಗೆ ಹೋಗಿಬರುವ ಸಂದರ್ಶನ ಸೇವೆಗೆ ಬನ್ನಿ ಎಂದು ಕೇಳಿದಾಗ ಆಕೆ ಹೇಳಿದ್ದು: “ಪ್ರಾರ್ಥನಾ ಮಾಡಾಕ ನನಗ ಬರಂಗಿಲ್ರೀ ಸಿಸ್ಟರ್. ನಾಲ್ಗಿ ತಡವರಸ್ತೈತಿ.” ಗಂಟು ಎಲ್ಲಿದೆ ಎಂದು ನನಗೆ ಸ್ಪಷ್ಟವಾದದ್ದು ಆಗಲೇ. ಸಂದರ್ಶನ ಅಂದರೆ ಹೋಗಬೇಕು, ಕೂತುಕೊಳ್ಳಬೇಕು, ಸತ್ಯವೇದ (ಬೈಬಲ್) ಓದಬೇಕು, ಬಾಯಿಬಿಟ್ಟು ಪ್ರಾರ್ಥಿಸಬೇಕು, ಬಂದ ಮೇಲೆ ಅಯ್ಯನವರಿಗೆ ತಿಳಿಸಬೇಕು ಎಂದು ನಾವು ಐದು ಕೆಲಸಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿಟ್ಟಿದ್ದೆವು. ಐದೂ ಬರುವವರು ಅಯ್ಯನವರೊಬ್ಬರೇ, ಅವರಿಗೂ ಕೂತುಕೊಳ್ಳಲು ಪುರುಸೊತ್ತಿಲ್ಲ. ಕಟ್ಟು ಬಿಚ್ಚಿದೆವು. ರೊಟ್ಟಿಯ ಅಕ್ಕನ ಜೊತೆಗೆ ಪಾಲಿಟೆಕ್ನಿಕ್ ಓದುವ ಒಬ್ಬ ಹುಡುಗಿ ಹೋಗುತ್ತಾಳೆ. 121ನೇ ಕೀರ್ತನೆ ಓದಿ ಎರಡು ನಿಮಿಷ ಪ್ರಾರ್ಥನೆ ಮಾಡುವುದು ಅವಳ ಪಾಲು. ಉಳಿದದ್ದು ಅಕ್ಕನದು.

ಇದೇ ರೀತಿ ಸಂಡೇ ಸ್ಕೂಲನ್ನೂ ಬಿಡಿಸಿದೆವು. ಪಾಠ ಹೇಳುವುದು, ಹಾಡು ಕಲಿಸುವುದು, ಹಾಜರಿ, ಸಾಮಾನು ತರುವುದು ಎಲ್ಲವೂ ಬೇರೆ ಬೇರೆ. ಹೈಸ್ಕೂಲ್ ಮಾಸ್ತರರಿದ್ದರೆ ಸಂಡೇ ಸ್ಕೂಲ್ ಅವರದ್ದೇ ಎಂದು ಎಲ್ಲ ಸಭೆಗಳಲ್ಲೂ ಹಿಡಿದುಕೊಳ್ಳುತ್ತಾರೆ. ನಮ್ಮ ಮಾಸ್ತರರು ಕೈ ಮುಗಿದು, “ಆರು ದಿನ ಅದನ್ನ ಮಾಡ್ತೀನ್ರೀ, ಏಳನೇ ದಿನಾ ಆದ್ರೂ ಬಿಡ್ರಿ” ಅಂದರು. ಬೇಕಾದರೆ ಗೇಟಿನ ಹತ್ತಿರ ಗಾಡಿ ನಿಲ್ಲಿಸುವುದನ್ನು ನೋಡಿಕೊಳ್ಳುತ್ತೇನೆ ಅಂದರು. ಎಲ್ಲರೂ ನಕ್ಕೆವು. ಆದರೆ ಗೇಟಿನಲ್ಲಿ ನಿಂತ ಮಾಸ್ತರರಿಗೆ ಯಾವ ಸ್ಕೂಟರ್ ಎರಡು ವಾರದಿಂದ ಬಂದಿಲ್ಲ ಎಂದು ಗೊತ್ತಾಗುತ್ತದೆ. ಮಧ್ಯಾಹ್ನ ಊಟ ಮಾಡಿ ಆ ಮನೆಗೆ ಫೋನ್ ಮಾಡುತ್ತಾರೆ. ಸಭೆ ಬಿಟ್ಟು ದೂರ ಹೋಗುತ್ತಿದ್ದ ಎರಡು ಮನೆಗಳನ್ನು ಅವರು ಹಾಗೇ ವಾಪಸು ತಂದಿದ್ದಾರೆ. ಚಿಕ್ಕ ಮಕ್ಕಳ ತರಗತಿಗೆ ಸಿಕ್ಕವಳು ಟೇಲರಿಂಗ್ ಮಾಡುವವಳು. ಮಶೀನ್ ತುಳಿಯುತ್ತಾ ಓಣಿಯ ಮಕ್ಕಳಿಗೆ ಮೀನು ನುಂಗಿದ ಯೋನನ ಕಥೆ ಹೇಳುತ್ತಿದ್ದಳು, ಮೀನಿನ ಹೊಟ್ಟೆಯ ವಾಸನೆ ಸಮೇತ.

ಸತ್ಯವೇದದಲ್ಲಿ ವರಗಳ ಪಟ್ಟಿ ಹಲವು ಕಡೆ ಬರುತ್ತದೆ: ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ, 1 ಕೊರಿಂಥ 12, ಎಫೆಸ 4. ಒಂದರಲ್ಲಿದ್ದದ್ದೆಲ್ಲ ಇನ್ನೊಂದರಲ್ಲಿಲ್ಲ. ಪೂರ್ತಿ ಪಟ್ಟಿ ಕೊಡುವ ಉದ್ದೇಶ ಈ ಪತ್ರಿಕೆಗಳ ಪೌಲನಿಗೇ ಇರಲಿಲ್ಲ ಎಂದು ನನ್ನ ಎಣಿಕೆ. ಪೇತ್ರನಂತೂ ತನ್ನ ಮೊದಲ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಎಲ್ಲವನ್ನೂ ಎರಡಕ್ಕೆ ಇಳಿಸುತ್ತಾನೆ: ಮಾತಾಡುವವರು, ಸೇವೆ ಮಾಡುವವರು. ನೋಟ್‌ಬುಕ್ಕಿನಲ್ಲಿ ನಾನೂ ಎರಡೇ ಕಾಲಮ್ ಹಾಕಿದ್ದೆ. ಅನ್ಯಭಾಷೆಯ ವರ (ಪವಿತ್ರಾತ್ಮನ ಪ್ರೇರಣೆಯಿಂದ ಅರಿಯದ ಭಾಷೆಯಲ್ಲಿ ಮಾತಾಡುವುದು) ಯಾವ ಕಾಲಮಿಗೆ ಎಂದು ಯುವಜನರು ಕೇಳಿದರೆ ಅಯ್ಯನವರ ಹತ್ತಿರ ಕಳಿಸುತ್ತೇನೆ.

ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವನ್ನು ಸಮಿತಿಯಲ್ಲಿ ಓದಿಸಿದ್ದು ಬಹಳ ಉಪಯೋಗಕ್ಕೆ ಬಂತು. ದಿನದ ಊಟ ಹಂಚುವಾಗ ತಮ್ಮ ವಿಧವೆಯರನ್ನು ಬಿಡುತ್ತಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಅಪೊಸ್ತಲರು ತಾವೇ ನೇಮಿಸದೆ, ಆರಿಸುವ ಕೆಲಸವನ್ನು ಸಭೆಗೇ ಬಿಟ್ಟರು. ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ, ಅಂದರೆ ಗೊಣಗಿದವರ ಕಡೆಯವರ ಕೈಗೇ ಹಂಚಿಕೆ ಹೋಗಿರಬೇಕು. ಮುಂದೆ ಅದೇ ಏಳರಲ್ಲಿ ಒಬ್ಬನಾದ ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಸುವಾರ್ತಿಕನಾದ. ಊಟ ಬಡಿಸಲು ನಿಂತವನು ಕೊನೆತನಕ ಬಡಿಸುತ್ತಲೇ ಇರಬೇಕಿಲ್ಲ.

ನಮ್ಮ ಕಡೆಯ ಸಭೆಗಳಿಗೆ ಇದು ಹೊಸತೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬಂದದ್ದು ಸುವಾರ್ತೆ ಸಾರಲು. ಆದರೆ ಮೆಕ್ಯಾನಿಕ್ ಆಗಿದ್ದ ಗಿಯೊರ್ಗ್ ಪ್ಲೆಬ್ಸ್ಟ್ ಅವರ ಕೈಯಲ್ಲಿ ಛಾಪಖಾನೆಯ ಕೆಲಸ ಕೊಟ್ಟರು, ಅದೇ ಮನುಷ್ಯ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದೇ ಮಿಶನ್ನಿನ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಸಂತೆಯಲ್ಲಿ ನಿಂತು ಸಾರುವುದೊಂದೇ ಸೇವೆ ಎಂದು ಹಟ ಹಿಡಿದಿದ್ದರೆ ಹಂಚೂ ಇಲ್ಲ, ನಿಘಂಟೂ ಇಲ್ಲ.

ಇನ್ನು ಚುನಾವಣೆ. ಸಭಾ ಸಮಿತಿಗೆ ಮತದಾನ ಉಂಟು, ಮತ ಬೀಳುವುದು ಮನೆತನ ನೋಡಿ. ಅಲ್ಲಿ ವರ ಗಿರ ಅಂದರೆ ಯಾರೂ ಕೇಳುವುದಿಲ್ಲ. ನಾವು ಸಮಿತಿಯನ್ನು ಅದರ ಪಾಡಿಗೆ ಬಿಟ್ಟೆವು. ಅದರ ಕೆಳಗೆ ಚಿಕ್ಕ ಸೇವಾ ಗುಂಪುಗಳನ್ನು ಮಾಡಿದೆವು. ಅದಕ್ಕೆ ಮತ ಇಲ್ಲ, ಅಧ್ಯಕ್ಷ ಕಾರ್ಯದರ್ಶಿ ಎಂಬ ಬಿರುದಿಲ್ಲ, ಫ್ಲೆಕ್ಸ್ ಮೇಲೆ ಹೆಸರಿಲ್ಲ. ಬಿರುದು ಬೇಕಾದವರು ತಾವಾಗಿಯೇ ದೂರ ಉಳಿದರು. ಆದರೂ ಒಂದು ಕಡೆ ನಮ್ಮ ಆಟ ನಡೆಯಲಿಲ್ಲ. ಸಭೆಗೆ ಅತಿ ಹೆಚ್ಚು ಕೊಡುವ ಹಿರಿಯರೇ ಕಟ್ಟಡದ ಉಪಸಮಿತಿಗೂ ಅಧ್ಯಕ್ಷರು. ಅವರಿಗೆ ಸಿಟ್ಟು ಬಂದರೆ ಮೀಟಿಂಗ್ ಅಲ್ಲಿಗೆ ಮುಗಿಯಿತು. ಕೊಡುವುದು ಬೇರೆ, ಮುಂದಾಳಾಗಿ ನಡೆಸುವುದು ಬೇರೆ ಎಂದು ರೋಮಾಪುರದ ಪತ್ರಿಕೆಯ ಒಂದೇ ವಚನದಲ್ಲಿ ಪೌಲನು ಎರಡನ್ನೂ ಬಿಡಿಬಿಡಿಯಾಗಿ ಹೇಳಿದ್ದಾನೆ. ಅಯ್ಯನವರು ಅದರ ಮೇಲೆ ಪ್ರಸಂಗವನ್ನೂ ಮಾಡಿದರು. ಹಿರಿಯರು ಬಹಳ ಒಳ್ಳೆ ಪ್ರಸಂಗ ಎಂದು ಕೈಕುಲುಕಿದರು. ಈಗಲೂ ಅವರೇ ಅಧ್ಯಕ್ಷರು.

ಹೆಂಗಸರ ವಿಷಯದಲ್ಲಿ ದಾರಿ ಸುಲಭವಾಯಿತು, ಬಹುಶಃ ಕಾರ್ಯದರ್ಶಿ ನಾನಿದ್ದದ್ದರಿಂದ. 2013ರಲ್ಲೇ ಸಿ.ಎಸ್.ಐ.ನಲ್ಲಿ ಪುಷ್ಪಾ ಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆದರು. ನಮ್ಮಲ್ಲಿ ಮಾತ್ರ ಹೆಂಗಸರ ಸೇವೆ ಅಂದರೆ ವೇದಿಕೆಗೆ ಹೂವು, ಹಬ್ಬಕ್ಕೆ ಅಡುಗೆ. ರಸೀದಿ ಇಲ್ಲದ ಹತ್ತು ಸಾವಿರದ ಪ್ರಶ್ನೆಗೆ ಹೆಚ್ಚು ಬಂದ ಹೆಸರು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಹೆಂಗಸಿನದು. ಆಕೆಯೂ ಅಷ್ಟು ವರ್ಷ ಹೂವೇ ಜೋಡಿಸುತ್ತಿದ್ದಳು. ಈಗ ಖಜಾಂಚಿಯ ಪುಸ್ತಕಗಳನ್ನು ಆಕೆ ನೋಡುತ್ತಾಳೆ, ಹೂವನ್ನು ಡೆಕೊರೇಶನ್ ಅಂಗಡಿ ಇಟ್ಟಿರುವ ಒಬ್ಬ ಯುವಕ ಜೋಡಿಸುತ್ತಾನೆ. ಹೂವೂ ಮೊದಲಿಗಿಂತ ಚೆನ್ನಾಗಿದೆ.

ಯಾರನ್ನೂ ನೇರವಾಗಿ ದೊಡ್ಡ ಕೆಲಸಕ್ಕೆ ಹಾಕುವುದಿಲ್ಲ. ಸಭೆಯ ವರ್ಷದಲ್ಲೇ ಪರೀಕ್ಷೆಗೆ ಬೇಕಾದಷ್ಟು ಜಾಗ ಇದೆ. ಮಾತಾಡುವ ವರ ಇರಬಹುದು ಅನಿಸಿದವರಿಗೆ ಈಸ್ಟರಿಗೆ ಮುಂಚಿನ ಶ್ರಮಕಾಲದ ಮನೆ ಪ್ರಾರ್ಥನೆಯಲ್ಲಿ ಹತ್ತು ನಿಮಿಷ. ಕೇಳುವವರು ಹದಿನೈದು ಜನ, ತೊದಲಿದರೂ ನಾಚಿಕೆಯಿಲ್ಲ. ಮಕ್ಕಳ ಜೊತೆ ಹೊಂದುತ್ತಾರೋ ಎಂದು ನೋಡಲು ಬೇಸಿಗೆಯ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ). ನಾಲ್ಕು ಜನರನ್ನು ಒಟ್ಟು ಮಾಡಿ ನಡೆಸಬಲ್ಲರೋ ಎಂದು ತಿಳಿಯಲು ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ರೌಂಡ್ಸ್‌ಗಿಂತ ದೊಡ್ಡ ಪರೀಕ್ಷೆ ಇಲ್ಲ: ಚಳಿ, ತಡರಾತ್ರಿ, ಕೆಟ್ಟ ಟೆಂಪೋ, ಪ್ರತಿ ಮನೆಯಲ್ಲೂ ಕೇಕ್. ಅದು ಮುಗಿದ ಮೇಲೂ ಹುಡುಗರು ಒಬ್ಬನ ಹಿಂದೆ ಬರುತ್ತಾರೆ ಅಂದರೆ ಅವನಲ್ಲಿ ಏನೋ ಇದೆ. ಹೊಣೆ ಕೊಟ್ಟರೆ ಒಂದು ವರ್ಷಕ್ಕೆ ಮಾತ್ರ, ಜನವರಿಯಲ್ಲಿ ಕೂತು ಮಾತಾಡಿ ಮುಂದುವರಿಸುವುದು ಅಥವಾ ಬಿಡುವುದು. ಬಿಟ್ಟರೆ ಯಾರೂ ಕಾರಣ ಕೇಳುವಂತಿಲ್ಲ.

ಎರಡು ಕಡೆ ವರವನ್ನೂ ನಂಬಿಕೆಯನ್ನೂ ಬದಿಗಿಟ್ಟು ನಿಯಮ ಮಾಡಿದ್ದೇವೆ. ಕಾಣಿಕೆಯನ್ನು ವೆಸ್ಟ್ರಿಯಲ್ಲಿ (ದೇವಾಲಯದ ಪಕ್ಕದ ಕೋಣೆ) ಬೇರೆ ಬೇರೆ ಮನೆಯ ಇಬ್ಬರು ಎಣಿಸಿ ರಿಜಿಸ್ಟರಿಗೆ ಸಹಿ ಹಾಕಬೇಕು. ಮಕ್ಕಳ ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಎಷ್ಟೇ ಒಳ್ಳೆಯವರಿದ್ದರೂ ಸರಿ.

ಸೇರಿಸುವುದಕ್ಕಿಂತ ಬಿಡಿಸುವುದು ಕಷ್ಟ. ಕ್ವಾಯರ್‌ನಲ್ಲಿ ಬಹಳ ಕಾಲ ಹಾಡಿದ ಒಬ್ಬ ಅಣ್ಣನವರ ಶ್ರುತಿ ಈಗ ನಿಲ್ಲುವುದಿಲ್ಲ. ಭಾನುವಾರದ ವೇದಪಾಠ ನೀವು ಓದಿ ಎಂದು ನಾನೇ ಹೋಗಿ ಕೇಳಿದೆ. ಅವರ ಓದು ನಿಜವಾಗಿಯೂ ಚೆನ್ನ, ಹಳೆಯ ಒಡಂಬಡಿಕೆಯ ಹೆಸರುಗಳಲ್ಲೂ ಎಡವುವುದಿಲ್ಲ. ಓದುತ್ತಾರೆ. ನನ್ನ ಹತ್ತಿರ ಮಾತ್ರ ಮೊದಲಿನಂತೆ ಮಾತಾಡುವುದಿಲ್ಲ.

ಅಯ್ಯನವರಿಗೆ ವರ್ಗವಾಗಿ ಹೊಸಬರು ಬಂದಾಗ ಆ ನೋಟ್‌ಬುಕ್ ಕೇಳಿದರು. ಕೊಡಲಿಲ್ಲ. ಅದರಲ್ಲಿ ಇನ್ನೊಬ್ಬರ ಮನೆಯ ಮಾತುಗಳಿವೆ, ಚಹಾ ಕುಡಿಯುತ್ತಾ ಹೇಳಿದ್ದನ್ನು ದಾಖಲೆ ಮಾಡಿ ದಾಟಿಸುವುದು ತಪ್ಪು. ಬದಲಿಗೆ ಅವರನ್ನು ಸಂಜೆ ಹೊತ್ತು ಕರೆದುಕೊಂಡು ಹೋಗಿ ಒಂದೊಂದೇ ಮನೆ ತೋರಿಸಿದೆ. ಸದ್ಯಕ್ಕೆ ಖಾಲಿ ಇರುವುದು ಹದಿಮೂರರಿಂದ ಹದಿನೈದು ವಯಸ್ಸಿನವರ ಸಂಡೇ ಸ್ಕೂಲ್ ತರಗತಿ. ಆ ವಯಸ್ಸಿನ ಹುಡುಗರು ಯಾರ ಮಾತು ಕೇಳುತ್ತಾರೆ ಎಂದು ಯಾವ ಮನೆಯಲ್ಲಿ ಕೇಳಿದರೂ ‘ಯಾರದೂ ಇಲ್ರೀ’ ಎಂಬ ಉತ್ತರ. ಬಸ್ ಡಿಪೋದಲ್ಲಿ ಕೆಲಸ ಮಾಡುವ ಒಬ್ಬರ ಸುತ್ತ ಆರಾಧನೆ ಮುಗಿದ ಮೇಲೆ ಈ ಹುಡುಗರು ನಿಂತಿರುವುದನ್ನು ನೋಡಿದ್ದೇನೆ, ಮಾತು ಕ್ರಿಕೆಟ್ಟಿನದು. ಅವರಿಗೆ ವಾರದ ರಜೆ ಭಾನುವಾರವೇ ಸಿಗುವಂತೆ ಆಗುತ್ತದೋ ಎಂದು ವಿಚಾರಿಸಬೇಕು. ಆಗದಿದ್ದರೆ ತರಗತಿಯನ್ನೇ ಶನಿವಾರ ಸಂಜೆಗೆ ಹಾಕುತ್ತೇವೆ.