ಗಾರ್ಮೆಂಟ್ಸ್‌ನಲ್ಲಿ ಹುಷಾರು ತಪ್ಪಿದಾಗ: ಇಎಸ್‌ಐ ರಜೆ ಪಡೆಯುವ ದಾರಿ, ಕೆಲಸ ಉಳಿಸಿಕೊಳ್ಳುವ ದಾರಿ

ಜ್ವರ ಬಂದು ನಾಲ್ಕು ದಿನ ಮಲಗಿದ್ದು ಐದನೇ ದಿನ ಗೇಟಿಗೆ ಹೋದರೆ ಎಚ್‌ಆರ್ ಕೇಳುವುದು ಒಂದೇ ಮಾತು: ‘ಲೆಟರ್ ಎಲ್ಲಿ?’ ‘ಸೂಪರ್‌ವೈಸರಿಗೆ ಫೋನ್ ಮಾಡಿ ಹೇಳಿದ್ದೆ’ ಅನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ. ಟಾರ್ಗೆಟ್ ತಪ್ಪಿದರೆ ಮೇಲಿನವರಿಂದ ಬೈಗುಳ ತಿನ್ನುವವರು ಅದೇ ಸೂಪರ್‌ವೈಸರ್. ಹಾಗಾಗಿ ‘ನನಗೆ ಯಾರೂ ಹೇಳಿಲ್ಲ’ ಎಂದು ಅವರು ಕೈ ತೊಳೆದುಕೊಳ್ಳುವುದು ಮಾಮೂಲಿ. ಬಾಯಿಮಾತಿನಲ್ಲಿ ಸಿಕ್ಕ ರಜೆಯನ್ನು ರಜೆ ಎಂದು ನಂಬಬೇಡಿ.

ತಿಂಗಳ ಸಂಬಳ 21,000 ರೂಪಾಯಿ ದಾಟದವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುತ್ತದೆ. ನಿಮ್ಮ ಸಂಬಳದಿಂದ ಶೇ. 0.75 ಕಡಿತವಾಗುತ್ತದೆ, ಕಂಪನಿ ಶೇ. 3.25 ಸೇರಿಸಿ ಕಟ್ಟುತ್ತದೆ. ಮಾತ್ರೆ, ಚುಚ್ಚುಮದ್ದಿನ ಜೊತೆಗೆ ಕಾಯಿಲೆಯ ದಿನಗಳ ಹಣವೂ ಇದರಿಂದಲೇ ಸಿಗಬೇಕು. ಬಹಳ ಜನ ಈ ಹಣ ಕೇಳುವುದೇ ಇಲ್ಲ. ‘ಇಡೀ ದಿನ ಕ್ಯೂ ನಿಲ್ಲಬೇಕು’ ಎಂದು ಹತ್ತಿರದ ಕ್ಲಿನಿಕ್‌ಗೆ ಹೋಗಿ, 500 ರೂಪಾಯಿ ಖರ್ಚು ಮಾಡಿ, ಅತ್ತ ಸಂಬಳವನ್ನೂ ಕಳೆದುಕೊಳ್ಳುತ್ತಾರೆ.

ಮೊದಲ ದಿನವೇ ಹೋಗಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಇಎಸ್‌ಐ ವೈದ್ಯರು ನಿಮ್ಮನ್ನು ಪರೀಕ್ಷಿಸಿದ ದಿನದಿಂದ ಸರ್ಟಿಫಿಕೇಟ್ ಕೊಡುತ್ತಾರೆ. ಮೂರು ದಿನ ಮನೆಮದ್ದು ಮಾಡಿ ನಾಲ್ಕನೇ ದಿನ ಡಿಸ್ಪೆನ್ಸರಿಗೆ ಹೋದರೆ ಆ ಮೂರು ದಿನಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಅದು ‘ಆಬ್ಸೆಂಟ್’.

ಬೆಳಗ್ಗೆ ಬೇಗ ಹೊರಡಿ. ಇಎಸ್‌ಐ ಕಾರ್ಡ್, ಆಧಾರ್, ಹಳೆಯ ಚೀಟಿಗಳು ಕೈಯಲ್ಲಿರಲಿ. ಔಷಧಿ ಪಡೆದು ಹಾಗೇ ಎದ್ದು ಬರಬೇಡಿ. ‘ಕೆಲಸಕ್ಕೆ ಹೋಗುವ ಸ್ಥಿತಿಯಲ್ಲಿಲ್ಲ, ರಜೆಯ ಸರ್ಟಿಫಿಕೇಟ್ ಬೇಕು’ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಬರೀ ಔಷಧಿ ಚೀಟಿ ಸಿಗುತ್ತದೆ, ಅದರಿಂದ ಹಣ ಬರುವುದಿಲ್ಲ. ಮೊದಲ ಸರ್ಟಿಫಿಕೇಟ್ ಆದಮೇಲೆ ಕಾಯಿಲೆ ಮುಂದುವರಿದರೆ ವಾರದೊಳಗೆ ಮತ್ತೆ ಹೋಗಿ ಮಧ್ಯದ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಕೆಲಸಕ್ಕೆ ಮರಳುವ ಮುನ್ನ ಕೊನೆಯ ಸರ್ಟಿಫಿಕೇಟ್ ಬೇಕು. ನಡುವೆ ಒಂದು ದಿನ ಬಿಟ್ಟುಹೋದರೂ ಆ ದಿನದ ಹಣ ಹೋಯಿತು. ಪ್ರತಿಯೊಂದನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಅದೇ ದಿನ ಎಚ್‌ಆರ್ ನಂಬರಿಗೆ ವಾಟ್ಸಾಪ್ ಕಳಿಸಿ, ಸೂಪರ್‌ವೈಸರಿಗೂ ಕಳಿಸಿ. ಉದ್ದ ಬರೆಯಬೇಕಿಲ್ಲ: ‘ನನ್ನ ಟೋಕನ್ ನಂಬರ್ ಇಷ್ಟು, ಲೈನ್ ಇಷ್ಟು. ಇಂದು (ದಿನಾಂಕ) ಇಎಸ್‌ಐ ವೈದ್ಯರು ಇಷ್ಟು ದಿನ ವಿಶ್ರಾಂತಿ ಬರೆದಿದ್ದಾರೆ. ಸರ್ಟಿಫಿಕೇಟಿನ ಫೋಟೋ ಜೊತೆಗಿದೆ.’ ಧ್ವನಿ ಸಂದೇಶ ಬೇಡ, ಅಕ್ಷರದಲ್ಲೇ ಇರಲಿ. ನಿಮ್ಮ ನಂಬರ್ ಬ್ಲಾಕ್ ಮಾಡಿದ್ದರೆ ಇಷ್ಟನ್ನೇ ಕಾಗದದಲ್ಲಿ ಬರೆದು ಕಾರ್ಖಾನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ.

ಎಷ್ಟು ಹಣ, ಯಾರಿಗೆ

ದಿನದ ಸರಾಸರಿ ಕೂಲಿಯ ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಮೊದಲ ಎರಡು ದಿನಕ್ಕೆ ಹಣವಿಲ್ಲ. ಹಿಂದಿನ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ಆ ಎರಡು ದಿನದ ಕಡಿತ ಇರುವುದಿಲ್ಲ. ಲೆಕ್ಕ ಹೀಗೆ: ಆರು ತಿಂಗಳಲ್ಲಿ 156 ದಿನಕ್ಕೆ 78,000 ರೂಪಾಯಿ ಸಂಬಳವಾಗಿದ್ದರೆ ದಿನಕ್ಕೆ 500, ಅದರ ಶೇ. 70 ಅಂದರೆ 350. ಒಂಬತ್ತು ದಿನದ ಸರ್ಟಿಫಿಕೇಟ್ ಇದ್ದರೆ ಏಳು ದಿನದ್ದು, 2,450 ರೂಪಾಯಿ.

ಇದಕ್ಕೆ ಷರತ್ತು, ಹಿಂದಿನ ಆರು ತಿಂಗಳಲ್ಲಿ ಕನಿಷ್ಠ 78 ದಿನದ ಕಂತು ಕಟ್ಟಿರಬೇಕು. ಯಾವ ಆರು ತಿಂಗಳು ಎಂಬಲ್ಲೇ ಗೊಂದಲ. ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದರೆ ಹಿಂದಿನ ಏಪ್ರಿಲ್–ಸೆಪ್ಟೆಂಬರ್ ನೋಡುತ್ತಾರೆ. ಜುಲೈಯಿಂದ ಡಿಸೆಂಬರ್‌ವರೆಗೆ ಆದರೆ ಹಿಂದಿನ ಅಕ್ಟೋಬರ್–ಮಾರ್ಚ್. ಇಎಸ್‌ಐಗೆ ಹೊಸದಾಗಿ ಸೇರಿದವರಿಗೆ ಚಿಕಿತ್ಸೆ ಮೊದಲಿನಿಂದಲೇ ಉಂಟು, ಆದರೆ ಕಾಯಿಲೆಯ ಹಣ ಒಂಬತ್ತು ತಿಂಗಳ ನಂತರ.

ಇಲ್ಲಿ ಕೈಕೊಡುವ ಸಂಗತಿಗಳು ಎರಡು. ಫ್ಯಾಕ್ಟರಿ ಬದಲಿಸಿದಾಗ ಹೊಸ ಎಚ್‌ಆರ್ ಹೊಸ ಇಎಸ್‌ಐ ನಂಬರ್ ಮಾಡಿಸುತ್ತಾರೆ, ನಿಮ್ಮ ದಿನಗಳು ಎರಡು ನಂಬರಿಗೆ ಹಂಚಿಹೋಗಿ ಎರಡರಲ್ಲೂ 78 ತುಂಬುವುದಿಲ್ಲ. ಹಳೆಯ ಹತ್ತಂಕಿಯ ನಂಬರ್ ಕೊಟ್ಟು ‘ಇದನ್ನೇ ಮುಂದುವರಿಸಿ’ ಎನ್ನಿ. ಇನ್ನೊಂದು, ನೀವು ದುಡಿದದ್ದಕ್ಕಿಂತ ಕಡಿಮೆ ದಿನ ತೋರಿಸುವುದು. ಇಎಸ್‌ಐ ಪೋರ್ಟಲಿನಲ್ಲಿ ನಿಮ್ಮ ಲಾಗಿನ್‌ಗೆ ಹೋಗಿ ಎರಡು ತಿಂಗಳಿಗೊಮ್ಮೆಯಾದರೂ ಸಂಬಳ ಚೀಟಿಯ ದಿನಗಳ ಜೊತೆ ಹೋಲಿಸಿ ನೋಡಿ. ಕಾಯಿಲೆ ಬಿದ್ದಮೇಲೆ ಸರಿಮಾಡಿಸಲು ಓಡಾಡುವ ಶಕ್ತಿ ಇರುವುದಿಲ್ಲ.

ಸರ್ಟಿಫಿಕೇಟ್‌ಗಳು, ಕ್ಲೇಮ್ ಅರ್ಜಿ, ನಿಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟು ಇಎಸ್‌ಐ ಶಾಖಾ ಕಚೇರಿಗೆ ಕೊಡಬೇಕು. ಡಿಸ್ಪೆನ್ಸರಿ ಬೇರೆ, ಶಾಖಾ ಕಚೇರಿ ಬೇರೆ. ಆಧಾರ್, ಪಾಸ್‌ಬುಕ್, ಇಎಸ್‌ಐ ಮೂರರಲ್ಲೂ ಹೆಸರಿನ ಇನಿಷಿಯಲ್ ಒಂದೇ ತರ ಇರಲಿ, ಒಂದು ಕಡೆ ಬೇರೆಯಾಗಿದ್ದರೂ ಹಣ ನಿಲ್ಲಲು ಅಷ್ಟು ಸಾಕು. ತುರ್ತಿನಲ್ಲಿ ಖಾಸಗಿ ಆಸ್ಪತ್ರೆ ಸೇರಿದ್ದರೆ ಡಿಸ್ಚಾರ್ಜ್ ಕಾಗದಗಳನ್ನೆಲ್ಲ ಇದೇ ಕಚೇರಿಗೆ ಒಯ್ಯಿರಿ, ಪರಿಶೀಲಿಸಿ ಒಪ್ಪಲು ಅವಕಾಶವಿದೆ.

ಇಎಲ್ ಜೊತೆ ಬೆರೆಸಬೇಡಿ

ಸಂಬಳ ಸಹಿತ ರಜೆ (ಇಎಲ್) ಹಾಕಿದ ದಿನಕ್ಕೆ ಇಎಸ್‌ಐ ಹಣ ಕೊಡುವುದಿಲ್ಲ. ನಿಮ್ಮನ್ನು ಕೇಳದೆ ಎಚ್‌ಆರ್ ಒಂಬತ್ತು ದಿನಕ್ಕೂ ಇಎಲ್ ಕಳೆದುಬಿಟ್ಟರೆ ಹಬ್ಬಕ್ಕೆ ಊರಿಗೆ ಹೋಗಲು ಕೂಡಿಟ್ಟ ರಜೆಯೂ ಹೋಯಿತು, ಕ್ಲೇಮ್ ಕೂಡ ಹೋಯಿತು. ಆದ್ದರಿಂದ ‘ಮೊದಲ ಎರಡು ದಿನಕ್ಕೆ ಮಾತ್ರ ಇಎಲ್ ಹಾಕಿ, ಉಳಿದದ್ದು ಇಎಸ್‌ಐ ರಜೆ’ ಎಂದು ಬರೆದುಕೊಡಿ. ಇಎಲ್ ಹುಟ್ಟುವುದು 20 ದಿನ ದುಡಿದರೆ ಒಂದರಂತೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಅದಕ್ಕೆ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 180. ಬಳಸದೆ ಉಳಿದ ಇಎಲ್ ಮುಂದಿನ ವರ್ಷಕ್ಕೆ ಸಾಗಲು 30 ದಿನದ ಮಿತಿಯಿದೆ, ಆದರೆ ಅರ್ಜಿ ಹಾಕಿಯೂ ನಿರಾಕರಿಸಿದ ಇಎಲ್‌ಗೆ ಆ ಮಿತಿಯಿಲ್ಲ. ಅರ್ಜಿಯ ಪ್ರತಿಗೆ ಸಹಿ ಹಾಕಿಸಿಕೊಂಡಿದ್ದರೆ ಮಾತ್ರ ಅದನ್ನು ತೋರಿಸಬಹುದು.

ಗೇಟಿನಲ್ಲಿ ತಡೆದರೆ

‘ಎಂಟು ದಿನ ಬರಲಿಲ್ಲ, ಹೆಸರು ತೆಗೆದಿದ್ದೇವೆ’ ಎನ್ನುವುದು ಹಳೆಯ ಬೆದರಿಕೆ. ಹಲವು ಕಾರ್ಖಾನೆಗಳ ಸ್ಥಾಯಿ ಆದೇಶದಲ್ಲಿ (ಕೆಲಸದ ಲಿಖಿತ ನಿಯಮಗಳಲ್ಲಿ) ಅಂಥ ಸಾಲು ಇರುತ್ತದೆ. ಆದರೆ ವಿಚಾರಣೆ ನಡೆಸದೆ, ನಿಮ್ಮ ಮಾತು ಕೇಳದೆ ಹೀಗೆ ಹೆಸರು ಹೊಡೆದುಹಾಕುವುದು ತಪ್ಪೆಂದು ಸುಪ್ರೀಂ ಕೋರ್ಟ್ 1993ರಲ್ಲೇ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿದೆ.

ಗೇಟಿನಲ್ಲಿ ಜಗಳ ಬೇಡ, ನೀವು ಬಂದಿದ್ದಿರಿ ಎಂಬುದಕ್ಕೆ ಗುರುತು ಬೇಕು. ಗೇಟಿನ ಮುಂದೆ ನಿಂತೇ ‘ಇಂದು ಇಷ್ಟು ಗಂಟೆಗೆ ಕೊನೆಯ ಸರ್ಟಿಫಿಕೇಟ್ ಸಹಿತ ಕೆಲಸಕ್ಕೆ ಬಂದೆ, ಒಳಗೆ ಬಿಡಲಿಲ್ಲ’ ಎಂದು ಎಚ್‌ಆರ್‌ಗೆ ವಾಟ್ಸಾಪ್ ಮಾಡಿ. ಮರುದಿನವೂ ಹೋಗಿ. ಖಾಲಿ ಹಾಳೆಗೆ, ಓದಲಾಗದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಲೇಬೇಡಿ. ‘ಸೆಟಲ್‌ಮೆಂಟ್ ಮಾಡ್ತೀವಿ’ ಎಂದು ಮುಂದಿಡುವ ಹಾಳೆ ಎಷ್ಟೋ ಸಲ ರಾಜೀನಾಮೆ ಪತ್ರವಾಗಿರುತ್ತದೆ. ಸಹಿ ಬಿದ್ದರೆ ಮೇಲೆ ಹೇಳಿದ ತೀರ್ಪು ಕೂಡ ನಿಮ್ಮ ನೆರವಿಗೆ ಬರುವುದು ಕಷ್ಟ.

ಮೂರನೇ ದಿನ ಯೂನಿಯನ್ನಿನವರನ್ನು ಕರೆದುಕೊಂಡು ಲೇಬರ್ ಆಫೀಸಿಗೆ ಹೋಗಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಎರಡು ಪ್ರತಿ ದೂರು, ಮೂರು ತಿಂಗಳ ಸಂಬಳ ಚೀಟಿ, ಸರ್ಟಿಫಿಕೇಟ್‌ಗಳು, ವಾಟ್ಸಾಪ್ ಫೋಟೋಗಳು ಜೊತೆಗಿರಲಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಹೊರಬನ್ನಿ. ಹಣ ಬರದ ದೂರಿಗೆ ಇದು ಜಾಗವಲ್ಲ. ಅದನ್ನು ಶಾಖಾ ಕಚೇರಿಯ ಮ್ಯಾನೇಜರಿಗೆ ಬರೆದುಕೊಡಿ, ಅಲ್ಲಿ ಆಗದಿದ್ದರೆ ಬಿನ್ನಿಪೇಟೆಯ ಪ್ರಾದೇಶಿಕ ಕಚೇರಿ, ಇಲ್ಲವೇ ಇಎಸ್‌ಐ ಉಚಿತ ಸಹಾಯವಾಣಿ 1800-11-2526.