ಹಳೇ ಜಾವಾ, ಯೆಜ್ಡಿ ಫೋಟೋ ತೆಗೆಯೋರಿಗೆ

ಮೈಸೂರಲ್ಲಿ ಹಳೇ ಗಾಡಿ ಹುಡುಕೋಕೆ ಮ್ಯೂಸಿಯಂ ಬೇಕಿಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಊರು ಅಲ್ವಾ, ಇಲ್ಲಿನ ಬೈಕುಗಳು ಇನ್ನೂ ಬೀದಿಯಲ್ಲಿ ಓಡಾಡುತ್ತಿವೆ. ಮೊದಲು ಹಳೇ ಮೆಕ್ಯಾನಿಕ್ ಶೆಡ್‌ಗಳ ಮುಂದೆ ನೋಡಿ. ಜುಲೈನ ಎರಡನೇ ಭಾನುವಾರ ಜಾವಾ ದಿನ. ಅವತ್ತು ಸಾಲಾಗಿ ಸಿಗುತ್ತವೆ.

ನಂಬರ್ ಪ್ಲೇಟ್ ‘ಎಂವೈ’ ಅಥವಾ ‘ಸಿಎ’ ಅಂತ ಶುರುವಾದರೆ ಅದು ‘ಕೆಎ’ ಬರುವ ಮುಂಚಿನ ಗಾಡಿ. ಹತ್ತಿರ ಹೋಗಿ ಎಡಗಡೆ ನೋಡಿ: ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಆ ಲಿವರ್‌ಗೆ ಒಂದು ಕ್ಲೋಸಪ್ ತೆಗೆಯಲೇಬೇಕು. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಹಾಗಾಗಿ ಹಿಂದಿನಿಂದ ತೆಗೆದ ಫೋಟೋನೂ ಚೆನ್ನಾಗಿರುತ್ತದೆ.

ಕ್ರೋಮ್ ಟ್ಯಾಂಕಿಗೆ ಮಟಮಟ ಮಧ್ಯಾಹ್ನದ ಬಿಸಿಲು ಬೇಡ, ಸುಮ್ನೆ ಹೊಳೆಯುತ್ತದೆ. ನೆರಳಲ್ಲಿ, ಹೆಡ್‌ಲೈಟ್ ಎತ್ತರಕ್ಕೆ ಕೂತು ತೆಗೆಯಿರಿ. ಟ್ಯಾಂಕಿನಲ್ಲಿ ನಿಮ್ಮದೇ ಮುಖ ಕಂಡರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಮಾಲೀಕರು ಅಲ್ಲೇ ಇದ್ದರೆ ಕೇಳಿಯೇ ತೆಗೆಯಿರಿ. ಕೇಳಿದರೆ ಜಾಸ್ತಿ ಜನ ಸ್ಟಾರ್ಟ್ ಮಾಡಿಯೂ ತೋರಿಸುತ್ತಾರೆ, ಆ ಟು-ಸ್ಟ್ರೋಕ್ ಹೊಗೆ ಫೋಟೋದಲ್ಲಿ ಸಕತ್ತಾಗಿ ಬರುತ್ತದೆ! ಫೋಟೋನ ಯಾವುದಾದರೂ ಗ್ರೂಪಿಗೆ ಹಾಕುವಾಗ ಮಾತ್ರ ಪ್ಲೇಟಿನ ಅಂಕಿ ಮರೆಮಾಡಿ.